ಗೆರೆ ಎಳೆಯದ ಫೋಟೋ

ಮಗಳು ಬೀರುವಿನ ಮೂರನೆಯ ಖಾನೆಯನ್ನೂ ಎಳೆದು ನೆಲಕ್ಕೆ ಸುರಿದಳು. ಔಷಧದ ಚೀಟಿಗಳು, ಯಾವ ಬೀಗದ್ದೆಂದು ತಿಳಿಯದ ಬೀಗದಕೈಗಳು, ಕನ್ನಡಕದ ಮೂರು ಡಬ್ಬಿ, ಒಂಟಿ ಓಲೆ, ತಾನು ಮೂರನೆಯ ತರಗತಿಯಲ್ಲಿ ಬರೆದ ಆನೆಯ ಚಿತ್ರ. ಅಮ್ಮನ ಫೋಟೋ ಮಾತ್ರ ಇಲ್ಲ. ಮೊದಲ ಎರಡು ಖಾನೆಗಳಲ್ಲೂ ಇರಲಿಲ್ಲ, ಮಂಚದ ಕೆಳಗಿನ ಟ್ರಂಕಿನಲ್ಲೂ ಇರಲಿಲ್ಲ. ಹೊರಗಿನ ಕೋಣೆಯಲ್ಲಿ ಅಮ್ಮನ ದೇಹ ಮಲಗಿತ್ತು. ಗಂಟೆ ಹನ್ನೊಂದು ದಾಟಿತ್ತು.

"ಸಿಕ್ತಾ?" ಎಂದು ಸೋದರಮಾವ ಬಾಗಿಲಲ್ಲಿ ಇಣುಕಿದ.

"ಸಿಕ್ಕಿದ್ರೆ ಹೀಗೆ ನೆಲದ ಮೇಲೆ ಕೂತಿರ್ತಿದ್ನಾ ಮಾವ?"

"ನಾಲ್ಕಕ್ಕೆ ವ್ಯಾನು ಬರುತ್ತೆ. ನಾಲ್ಕು ಅಂದ್ರೆ ನಾಲ್ಕು."

ಸತ್ತವಳ ಒಬ್ಬನೇ ತಮ್ಮ ಅವನು. ಸ್ಟೇಷನ್ ಮಾಸ್ತರನಾಗಿ ನಿವೃತ್ತನಾಗಿ ಹತ್ತು ವರ್ಷ ಕಳೆದಿದ್ದರೂ ಎಲ್ಲವೂ ವೇಳಾಪಟ್ಟಿಯ ಪ್ರಕಾರ ಹೊರಡಬೇಕು, ಅಕ್ಕ ಕೂಡ.

"ಗುರುತಿನ ಚೀಟಿದೇ ಹಾಕಿಬಿಡು ಕಣಮ್ಮ. ಎಲ್ಲರೂ ಅದನ್ನೇ ಹಾಕ್ತಾರೆ."

ಮಗಳು ಚೀಟಿಯನ್ನು ಅವನ ಕೈಗಿಟ್ಟಳು. ಪ್ಲಾಸ್ಟಿಕ್ಕಿನೊಳಗೆ ನೀರು ಇಳಿದು ಒಂದು ಕಿವಿ, ಅರ್ಧ ಮೊಹರು ಉಳಿದಿದ್ದವು. ಮದುವೆಯ ಫೋಟೋ ಗೋಡೆಯ ಮೇಲಿತ್ತು. ಅದರಲ್ಲಿ ಅಮ್ಮ ತಲೆ ತಗ್ಗಿಸಿದ್ದು ಬೈತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಇನ್ನು ಮೊಬೈಲು. ಅದರಲ್ಲಿ ಅಮ್ಮ ಇಪ್ಪತ್ತೆಂಟು ಕಡೆ ಇದ್ದಳು. ಇಪ್ಪತ್ತೆಂಟರಲ್ಲೂ ಮುಖಕ್ಕೆ ಅಡ್ಡ ಒಂದು ಕೈ. "ಬೇಡ ಕಣೇ, ನಂದ್ಯಾಕೆ" ಅನ್ನುವ ಕೈ. ಹುಟ್ಟುಹಬ್ಬದಲ್ಲಿ ಕೈ, ಗೃಹಪ್ರವೇಶದಲ್ಲಿ ಕೈ, ಸಮುದ್ರದ ದಂಡೆಯಲ್ಲಿ ಕೈ. ಅಂಗೈಯ ರೇಖೆ ನೋಡಿ ಭವಿಷ್ಯ ಹೇಳುವಷ್ಟು ಸ್ಪಷ್ಟವಾಗಿ ಬಂದಿದ್ದವು.

ಮಗಳಿಗೆ ಅಳುವಿಗಿಂತ ಕೋಪವೇ ಹೆಚ್ಚು ಬರುತ್ತಿತ್ತು. ಅಮ್ಮನ ಮೇಲೆ, ಆ ಕೈಯನ್ನು ಒಮ್ಮೆಯಾದರೂ ಗಟ್ಟಿಯಾಗಿ ಹಿಡಿದು ಕೆಳಗಿಳಿಸದ ತನ್ನ ಮೇಲೆ. ಹೊರಗೆ ಮಲಗಿದ್ದ ಮುಖವನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ. ಹನ್ನೊಂದು ದಿನ ಆಸ್ಪತ್ರೆಯ ನಳಿಕೆಗಳನ್ನು ಹೊತ್ತು ಅದು ಊದಿಕೊಂಡಿತ್ತು, ತುಟಿಯ ಒಂದು ಬದಿ ಜಾರಿತ್ತು. ಕಣ್ಣು ಮುಚ್ಚಿದರೆ ಈಗ ಅದೇ ಮುಖ ಬರುತ್ತಿತ್ತು, ಹಳೆಯದು ಎಷ್ಟು ಕರೆದರೂ ಬರುತ್ತಿರಲಿಲ್ಲ. ಹೀಗೇ ಬಿಟ್ಟರೆ ಇನ್ನು ಮುಂದೆ ಅಮ್ಮ ಅಂದರೆ ಈ ಮುಖವೇ ಆಗಿಹೋಗುತ್ತದೆ ಎಂದು ಅವಳಿಗೆ ಭಯವಾಗಿತ್ತು.

ಹೊರಗೆ ಯಾರೋ ಹೆಂಗಸು ಅಳುತ್ತ ಹೇಳುವುದು ಕೇಳಿಸಿತು. "ವಯಸ್ಸಿನಲ್ಲಿ ಎಷ್ಟು ಲಕ್ಷಣವಾಗಿದ್ಲು ನೋಡಿ!"

ಫೋಟೋ ಸಿಕ್ಕಿತೆಂದುಕೊಂಡು ಮಗಳು ಓಡಿದಳು. ತಲೆದೆಸೆಯಲ್ಲಿ ಸ್ಟೂಲಿನ ಮೇಲೆ ಹೊಸ ಚೌಕಟ್ಟು. ಅದರೊಳಗೆ ಹಲ್ಲು ಬಿಟ್ಟು ನಗುತ್ತಿದ್ದ, ಕೂದಲು ಹಾರಿಸಿಕೊಂಡ ಯಾವಳೋ ರೂಪದರ್ಶಿ. ಚೌಕಟ್ಟಿನ ಅಂಗಡಿಯವರು ನಮೂನೆಗೆಂದು ತುರುಕಿದ ಕಾಗದ. ಮಾವ ಅದನ್ನು ತೆಗೆಯದೆ ಹಾಗೇ ಇಟ್ಟಿದ್ದ. ದೂರದ ನೆಂಟರ ಹೆಂಗಸು ಅದಕ್ಕೇ ಕೈ ಮುಗಿದು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮಾವ!"

"ಖಾಲಿ ಇದ್ರೆ ಚೆನ್ನಾಗಿರಲ್ಲ ಅಂತ..."

"ಖಾಲಿ ಇರೋದೇ ವಾಸಿ!" ಮಗಳು ಚೌಕಟ್ಟು ಕಿತ್ತುಕೊಂಡು ಹಿಂಬದಿಯ ರಟ್ಟು ತೆಗೆದು ಆ ನಗುವನ್ನು ನಾಲ್ಕು ಚೂರು ಮಾಡಿದಳು. ಪಾಪ, ಕಾಗದದ ಹೆಂಗಸಿನ ತಪ್ಪೇನೂ ಇರಲಿಲ್ಲ.

* * *

ತೀರಿಹೋದ ಅಮ್ಮನಿಗೆ ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರು ಲಕೋಟೆಯಮ್ಮ. ಮೂವತ್ತಾರು ವರ್ಷ ಅವಳು ಅಲ್ಲಿ ಫೋಟೋಗಳ ಕೋಣೆ ನೋಡಿಕೊಂಡಳು. ಇಪ್ಪತ್ತನೆಯ ಶತಮಾನದಲ್ಲಿ ಹೆಸರು ಮಾಡಿದವರೆಲ್ಲ ಆ ಕೋಣೆಯಲ್ಲಿ ಕಂದು ಲಕೋಟೆಗಳೊಳಗೆ ಅಕಾರಾದಿಯಾಗಿ ನಿಂತಿದ್ದರು. ಅಣೆಕಟ್ಟು ಕಟ್ಟಿದವರು, ಸರ್ಕಾರ ಬೀಳಿಸಿದವರು, ಹಾಡುಗಾರರು, ಕುಸ್ತಿಪಟುಗಳು, ಸಿಡುಬಿನ ಬೆನ್ನು ಹತ್ತಿ ಊರೂರು ಅಲೆದ ಡಾಕ್ಟರಮ್ಮ. ಯಾರಾದರೂ ತೀರಿಕೊಂಡರೆಂದು ಸುದ್ದಿ ಬಂದರೆ ಎರಡೇ ನಿಮಿಷ, ಲಕೋಟೆ ಸಂಪಾದಕರ ಮೇಜಿನ ಮೇಲಿರುತ್ತಿತ್ತು.

ಅದಕ್ಕೆ ಅವಳದೇ ಒಂದು ಏರ್ಪಾಡಿತ್ತು. ದೊಡ್ಡವರು ಯಾರಾದರೂ ಆಸ್ಪತ್ರೆ ಸೇರಿದರೆ, ಅಥವಾ ಎಂಬತ್ತು ದಾಟಿದರೆ, ಅವರ ಲಕೋಟೆ ಮೇಲಿನ ಶೆಲ್ಫಿಗೆ ಏರುತ್ತಿತ್ತು. ಅವರ ಬಗ್ಗೆ ಬರೆದಿಟ್ಟ ಲೇಖನ, ಆರಿಸಿಟ್ಟ ಒಂದು ಫೋಟೋ ಅದರೊಳಗೆ ಸಿದ್ಧವಾಗಿರುತ್ತಿದ್ದವು. ಕಚೇರಿಯವರು ಚಹಾಕ್ಕೆ ಹೋಗುವಾಗ ಆ ಕಡೆ ಕಣ್ಣು ಹಾಯಿಸಿ, ಮುಂದಿನ ಸರದಿ ಯಾರದೆಂದು ತಿಳಿದುಕೊಳ್ಳುತ್ತಿದ್ದರು.

ಒಮ್ಮೆ ಒಬ್ಬ ಮಂತ್ರಿಯ ಆಪ್ತ ಸಹಾಯಕ ಬೆವರು ಒರೆಸಿಕೊಳ್ಳುತ್ತ ಬಂದ. "ಅಮ್ಮಾ, ಸಾಹೇಬರನ್ನ ಮೇಲಿಟ್ಟಿದ್ದೀರಂತೆ. ಅವರಿಗೆ ಗೊತ್ತಾಗಿ ನಿದ್ದೆನೇ ಬರ್ತಿಲ್ಲ. ದಯವಿಟ್ಟು ಕೆಳಗಿಳಿಸಿ."

"ನಾನು ಇಳಿಸೋದೇನು, ಹುಷಾರಾದ್ರೆ ತಾವೇ ಇಳೀತಾರೆ" ಎಂದಳು ಲಕೋಟೆಯಮ್ಮ.

ಸಾಹೇಬರು ಆಮೇಲೆ ಹನ್ನೊಂದು ವರ್ಷ ಬದುಕಿ, ಎರಡು ಸಲ ಖಾತೆ ಬದಲಾಯಿಸಿದರು.

ಇಳಿಯದೆ ಮೇಲೆಯೇ ಕೂತಿದ್ದವಳು ಒಬ್ಬಳಿದ್ದಳು. ಹತ್ತೊಂಬತ್ತನೆಯ ವಯಸ್ಸಿಗೆ ಒಬ್ಬಳೇ ಸಮುದ್ರ ಈಜಿ ಎದುರು ದಡ ಸೇರಿದವಳು, ಪಠ್ಯಪುಸ್ತಕದಲ್ಲಿ ಪಾಠವಾಗಿದ್ದವಳು. ಒಂದು ಸಲ ಜೋರು ಕಾಯಿಲೆಯಾಗಿ ಲಕೋಟೆ ಮೇಲೇರಿತು. ಈಜುಗಾರ್ತಿ ಚೇತರಿಸಿಕೊಂಡಳು, ಆದರೆ ಅಷ್ಟರಲ್ಲಿ ಎಂಬತ್ತೂ ದಾಟಿಬಿಟ್ಟಿದ್ದರಿಂದ ಲಕೋಟೆ ಇಳಿಯಲಿಲ್ಲ. "ಈ ಮುದುಕಿ ನನ್ನನ್ನ ಸಾಗಹಾಕಿಯೇ ಹೋಗೋದು" ಎಂದು ಲಕೋಟೆಯಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿ ನಗುತ್ತಿದ್ದಳು.

* * *

ಹನ್ನೆರಡೂವರೆಗೆ ಕೋಲೂರಿಕೊಂಡು ಪತ್ರಿಕೆಯ ಹಳೆಯ ಛಾಯಾಗ್ರಾಹಕ ಬಂದ. ಎಂಬತ್ತರ ಹತ್ತಿರದ ಮುದುಕ. ದೇಹದ ಮುಂದೆ ಸ್ವಲ್ಪ ಹೊತ್ತು ನಿಂತು, ಕಿಟಕಿಯ ಕಡೆ ತಿರುಗಿ ಬೆಳಕು ನೋಡಿದ. ಅಭ್ಯಾಸಬಲ.

"ನಿಮ್ಮ ಹತ್ರ ಅಮ್ಮಂದು ಒಂದಾದ್ರೂ ಫೋಟೋ ಇರಬೇಕಲ್ಲ ಸರ್?" ಮಗಳು ಕೇಳಿದ್ದು ಹೆಚ್ಚುಕಡಿಮೆ ಜಗಳದ ದನಿಯಲ್ಲಿ.

ಅವನು ತಲೆ ತಗ್ಗಿಸಿದ. "ಮೂವತ್ತು ವರ್ಷ ಜೊತೆಗೆ ಕೆಲಸ ಮಾಡಿದ್ವಿ ಕಣಮ್ಮ. ಆಕೇದು ಅಂತ ಒಂದೂ ತೆಗೀಲಿಲ್ಲ. ಕ್ಯಾಮರಾ ಎತ್ತಿದ್ರೆ ಸಾಕು, ಕೈ ಅಡ್ಡ. ನಾನೂ ರೀಲು ದಂಡ ಅಂತ ಸುಮ್ಮನಾದೆ."

"ದಂಡ!" ಎಂದಳು ಮಗಳು.

"ಬೈಯಮ್ಮ, ಬೈಸಿಕೊಳ್ಳೋ ಕೆಲಸಾನೇ ಮಾಡಿದ್ದೀನಿ." ಮುದುಕ ಕುರ್ಚಿಯಲ್ಲಿ ಕೂತ. ಆಮೇಲೆ, ತನಗೇ ಹೇಳಿಕೊಂಡಂತೆ, "ಆದ್ರೆ ಆಕೆ ಇಲ್ಲದೆ ನಾನು ಯಾರ ಮುಖಾನೂ ತೆಗೀಲಿಲ್ಲ. ಒಳ್ಳೆ ಕಿಟಕಿ ಇದ್ದಿದ್ದು ಆಕೆ ಕೋಣೆಗೇ. ದೊಡ್ಡವರು ಯಾರು ಬಂದ್ರೂ ಅಲ್ಲೇ ಕೂರಿಸ್ತಿದ್ದೆ. ಒಂದು ಕೆನ್ನೆಗೆ ಕಿಟಕಿ ಬೆಳಕು. ಇನ್ನೊಂದು ಕೆನ್ನೆ ಕತ್ತಲೆ ಆಗಬಾರದಲ್ಲ, ಅದಕ್ಕೆ ಬಿಳಿ ಹಲಗೆ ಹಿಡಿದು ನಿಲ್ತಿದ್ಲು ನಿಮ್ಮಮ್ಮ. ಕೋಣೆ ಇಕ್ಕಟ್ಟು, ಎಷ್ಟು ಸರಿದ್ರೂ ಚಿತ್ರದೊಳಗೆ ಬಂದೇ ಬರ್ತಿದ್ಲು..."

ಮಗಳು ಎದ್ದು ನಿಂತಳು. "ಚಿತ್ರದೊಳಗೆ?"

* * *

ಆಗ ಮಗಳಿಗೆ ಎಂಟು ವರ್ಷ. ಶಾಲೆಗೆ ರಜೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಅಮ್ಮ ಕಚೇರಿಗೆ ಕರೆದೊಯ್ದಿದ್ದಳು. ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತು ಅವಳು ನೋಡುತ್ತಿದ್ದಾಗ ಅಮ್ಮ ಲಕೋಟೆಯಿಂದ ಒಂದು ಫೋಟೋ ತೆಗೆದಳು. ಅವತ್ತು ಬೆಳಿಗ್ಗೆ ತೀರಿಕೊಂಡ ಹಾಡುಗಾರನದು. ಪಕ್ಕದಲ್ಲಿ ಹಲಗೆ ಹಿಡಿದ ಹೆಂಗಸು.

"ಅಮ್ಮಾ, ನೀನೂ ಇದ್ದೀಯ!"

"ನಾನು ಲೆಕ್ಕಕ್ಕಿಲ್ಲ ಕಣೇ." ಅಮ್ಮ ಅಡಿಪಟ್ಟಿ ಇಟ್ಟು ಕೆಂಪು ಪೆನ್ಸಿಲಿನಲ್ಲಿ ಹಾಡುಗಾರನ ಸುತ್ತ ನಾಲ್ಕು ಗೆರೆ ಎಳೆದಳು. ಗೆರೆ ಚಿತ್ರದಲ್ಲಿದ್ದ ಅಮ್ಮನ ಹೆಗಲಿನ ಪಕ್ಕದಲ್ಲೇ ಹಾದುಹೋಯಿತು. "ಗೆರೆ ಒಳಗಿರೋದು ಮಾತ್ರ ಅಚ್ಚಾಗೋದು. ನಾನು ಆಚೆ."

"ಮೊದಲೇ ಎಳೆದಿಟ್ಟಿದ್ರೆ ಬೇಗ ಆಗ್ತಿತ್ತಲ್ಲ?"

ಅಮ್ಮ ನಿಜವಾಗಿಯೂ ಬೆಚ್ಚಿ ಅವಳತ್ತ ನೋಡಿದಳು. "ಬದುಕಿರೋರ ಮೇಲೆ ಗೆರೆ ಎಳೀತಾರೇನೇ?"

* * *

"ಹೆಣ ಮನೆಯಲ್ಲಿಟ್ಟುಕೊಂಡು ಎಲ್ಲಿಗೆ ಹೊರಟೆ?" ಮಾವ ಗೇಟಿಗೆ ಅಡ್ಡ ನಿಂತ. "ಹೆತ್ತ ಮಗಳು ಪಕ್ಕದಲ್ಲಿರಬೇಕಾದ ಹೊತ್ತು ಇದು. ಜನ ಏನಂದುಕೊಳ್ತಾರೆ?"

"ಹನ್ನೊಂದು ದಿನ ಪಕ್ಕದಲ್ಲೇ ಇದ್ದೆ ಮಾವ. ಜನ ಆಗ ಎಲ್ಲಿದ್ರು?"

"ಫೋನ್ ಮಾಡಿ ಕೇಳಬಾರದಾ?"

"ಫೋನ್ ಮಾಡಿದ್ರೆ ಇಲ್ಲ ಅಂತಾರೆ" ಎಂದ ಛಾಯಾಗ್ರಾಹಕ, ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಕೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ಎದುರಿಗೆ ಹೋಗಿ ನಿಂತ್ರೆ ಹಾಗನ್ನೋಕೆ ಸ್ವಲ್ಪ ಸಂಕೋಚ ಆಗುತ್ತೆ."

ಫೋಟೋಗಳ ಕೋಣೆ ಇನ್ನೂ ಅದೇ ಮಹಡಿಯಲ್ಲಿತ್ತು. ಕಿಟಕಿಗೆ ದಪ್ಪ ಪರದೆ ಬಿದ್ದಿತ್ತು, ಲಕೋಟೆಗಳ ಜಾಗದಲ್ಲಿ ಎರಡು ಕಂಪ್ಯೂಟರ್ ಇದ್ದವು. ದಾಖಲೆ ವಿಭಾಗದವನು, ನಡುವಯಸ್ಸಿನ ಮನುಷ್ಯ, ವಿಷಯ ಕೇಳಿ ಎದ್ದು ನಿಂತು ಸಂತಾಪ ಸೂಚಿಸಿದ. ಮತ್ತೆ ಕೂತು ಹೆಸರು ಒತ್ತಿದ.

"ಇಲ್ಲ ಮೇಡಂ. ನಿಮ್ಮಮ್ಮನ ಹೆಸರಿಗೆ ಒಂದೂ ಇಲ್ಲ."

"ಅಮ್ಮನ ಹೆಸರಲ್ಲಿ ಇರಲ್ಲ. ಬೇರೆಯವರ ಪಕ್ಕದಲ್ಲಿ ಇರ್ತಾಳೆ. ಆ ಹಾಡುಗಾರರದು ತೋರಿಸಿ."

ಕಂಪ್ಯೂಟರಿನ ಪರದೆಯ ಮೇಲೆ ಹಾಡುಗಾರ ಬಂದ. ಅವನೊಬ್ಬನೇ. ಕುಸ್ತಿಪಟು ಬಂದ, ಒಬ್ಬನೇ. ಡಾಕ್ಟರಮ್ಮ, ಒಬ್ಬಳೇ. ಎಲ್ಲರ ನೆರಳಿನ ಕಡೆಯ ಕೆನ್ನೆಯೂ ಮೃದುವಾಗಿ ಬೆಳಗುತ್ತಿತ್ತು. ಆ ಬೆಳಕು ಎಲ್ಲಿಂದ ಬಂತೆಂದು ಯಾರಿಗೂ ಹೊಳೆಯುವಂತಿರಲಿಲ್ಲ.

"ಅರ್ಧ ಚಿತ್ರ ಇದು. ಉಳಿದಿದ್ದೆಲ್ಲಿ?"

"ಗೆರೆ ಒಳಗಿರೋದನ್ನ ಮಾತ್ರ ಕಂಪ್ಯೂಟರಿಗೆ ಏರಿಸಿದ್ದು ಮೇಡಂ. ಆಮೇಲೆ ಹಳೇ ಪ್ರಿಂಟುಗಳನ್ನೆಲ್ಲ, ಗೆರೆ ಎಳೆಯದ್ದನ್ನೂ ಸೇರಿಸಿ, ರದ್ದಿಗೆ ಹಾಕಿದ್ರು. ನೆಗೆಟಿವ್ ಗೆದ್ದಲು ಹಿಡಿದು ಹೋಯ್ತು."

"ಯಾವ ಪುಣ್ಯಾತ್ಮ ಹಾಗೆ ಮಾಡಿ ಅಂದಿದ್ದು?"

ಅವನು ಎದ್ದು ಕಬ್ಬಿಣದ ಕಪಾಟಿನ ಬಾಗಿಲು ತೆರೆದ. ಒಳಬದಿಯಲ್ಲಿ ಅಂಟಿಸಿದ್ದ ಹಳದಿಯಾದ ಹಾಳೆ. ಅಮ್ಮನ ದುಂಡನೆಯ ಅಕ್ಷರ, ನಿವೃತ್ತಿಯಾದ ವರ್ಷದ ತಾರೀಕು. "ಗೆರೆಯೊಳಗಿನ ಭಾಗ ಮಾತ್ರ ಉಳಿಸಿಕೊಳ್ಳುವುದು. ಮಿಕ್ಕಿದ್ದು ಬೇಕಿಲ್ಲ."

ಮಗಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಮಿಕ್ಕಿದ್ದು! ಸಾವಿರ ಸಲ ಚಿತ್ರದೊಳಗೆ ನಿಂತವಳು ಸಾವಿರ ಸಲವೂ ತನ್ನ ಕೈಯಾರೆ ತನ್ನನ್ನು ಆಚೆ ಹಾಕಿದ್ದಳು. ಹೋಗುವಾಗ, ಯಾರಾದರೂ ಮರೆತು ಉಳಿಸಿಬಿಟ್ಟಾರೆಂದು, ಚೀಟಿ ಬೇರೆ ಅಂಟಿಸಿ ಹೋಗಿದ್ದಳು.

"ಇಷ್ಟು ಹಟ ಯಾಕಮ್ಮಾ ನಿಂಗೆ?" ಎಂದು ಅವಳು ಆ ಹಾಳೆಯನ್ನೇ ಕೇಳಿದಳು. ಬೆಳಿಗ್ಗೆಯಿಂದ ಬಾರದಿದ್ದ ಅಳು ಈಗ, ಪರಿಚಯವಿಲ್ಲದವನ ಎದುರಿಗೆ, ನಾಚಿಕೆಯಿಲ್ಲದೆ ಬಂತು. ದಾಖಲೆ ವಿಭಾಗದವನು ನೀರಿನ ಬಾಟಲಿ ಹುಡುಕಲು ಹೋದ.

ಛಾಯಾಗ್ರಾಹಕ ಮೂಗು ತಾಗುವಷ್ಟು ಬಗ್ಗಿ ಹಾಳೆ ಓದುತ್ತಿದ್ದ. "ಕೆಳಗೆ ಇನ್ನೊಂದು ಸಾಲಿದೆ ಕಣಮ್ಮ. 'ಮೇಲಿನ ಶೆಲ್ಫು ಮುಟ್ಟಬಾರದು. ಅವರಿನ್ನೂ ಇದ್ದಾರೆ.'"

"ಹೌದು, ಅದನ್ನ ಮುಟ್ಟಿಲ್ಲ" ಎಂದ ನೀರು ತಂದವನು. "ಅವರು ಒಬ್ಬೊಬ್ಬರೇ ಹೋದ ಹಾಗೆ ನಾನೇ ಗೆರೆ ಎಳೆದು, ಏರಿಸಿ, ಪ್ರಿಂಟು ರದ್ದಿಗೆ ಹಾಕಿದೆ. ಈಗ ಒಂದೇ ಒಂದು ಲಕೋಟೆ ಉಳಿದಿದೆ."

ಮಗಳು ತಲೆ ಎತ್ತಿದಳು. ಯಾರದೆಂದು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದಳು. "ಈಜುಗಾರ್ತಿದಾ? ಇನ್ನೂ ಇದ್ದಾಳಾ ಆಕೆ?"

"ತೊಂಬತ್ತೇಳು. ಹೋದ ವಾರ ಕೂಡ ಯಾರೋ ಹೋಗಿ ಮಾತಾಡಿಸಿಕೊಂಡು ಬಂದ್ರು. ಕಿವಿ ಕೇಳಲ್ಲ, ಬೈಗುಳ ಚೆನ್ನಾಗಿ ಬರುತ್ತಂತೆ."

ಕುರ್ಚಿ ಹತ್ತಿ ಅವನು ಲಕೋಟೆ ಇಳಿಸಿದ. ಧೂಳು ಕೊಡವಿ, ಬರೆದಿಟ್ಟ ಲೇಖನವನ್ನು ಪಕ್ಕಕ್ಕಿಟ್ಟು, ಫೋಟೋವನ್ನು ಮೇಜಿನ ಮೇಲೆ ಹಾಕಿದ. ಕಪ್ಪುಬಿಳುಪು, ಎರಡು ಅಂಗೈಯಷ್ಟು ಅಗಲ. ಎಲ್ಲೂ ಒಂದು ಗೆರೆಯಿಲ್ಲ. ಬಲಗಡೆ ಕುರ್ಚಿಯಲ್ಲಿ ಈಜುಗಾರ್ತಿ, ಅಗಲ ಭುಜದ ಹೆಂಗಸು, ಬಾಯಿ ತೆರೆದು ಏನೋ ಹೇಳುತ್ತಿದ್ದಾಳೆ. ಎಡಗಡೆ ಹಲಗೆ ಹಿಡಿದ ಅಮ್ಮ. ಮೂವತ್ತೆರಡೋ ಮೂವತ್ತಮೂರೋ. ಆ ಮಾತಿಗೆ ತಡೆಯಲಾಗದೆ ನಕ್ಕುಬಿಟ್ಟಿದ್ದಾಳೆ. ಹಲಗೆಯ ಬೆಳಕು ಚೆಲ್ಲಿ ಅವಳ ಮುಖಕ್ಕೂ ಬಿದ್ದಿದೆ.

ಮುದುಕ ಫೋಟೋ ನೋಡಿ ಕನ್ನಡಕ ತೆಗೆದ. "ಏನು ಹೇಳಿದ್ಲು ಗೊತ್ತಾ ಆಕೆ? 'ಸಮುದ್ರದ ನಡುವೆ ಬಂದಿದ್ದು ದೇಶದ ನೆನಪಲ್ಲ, ಮೂತ್ರ' ಅಂದ್ಲು. ಲೇಖನದಲ್ಲಿ ಹಾಕೋಕಾಗಲಿಲ್ಲ."

ಮಗಳು ಅಳುತ್ತಲೇ ನಕ್ಕಳು. ಆಮೇಲೆ ಫೋಟೋವನ್ನು ಎದೆಗವಚಿಕೊಂಡು ಎದ್ದಳು.

"ಮೇಡಂ, ಅದನ್ನ ಕೊಡೋಕಾಗಲ್ಲ" ಎಂದ ಅವನು ಸಂಕಟದಿಂದ. "ಇರೋದು ಅದೊಂದೇ. ಆಕೆಗೆ ತೊಂಬತ್ತೇಳು, ಯಾವಾಗ ಬೇಕಾದ್ರೂ... ಪ್ರತಿ ತೆಗೆದು ಕೊಡ್ತೀನಿ."

ಪ್ರತಿ ತೆಗೆಯುವ ಯಂತ್ರ ಮೊದಲು ಕಾಗದ ನುಂಗಿತು. ಕಾಗದ ಎಳೆದು ತೆಗೆದ ಮೇಲೆ ಶಾಯಿ ಮುಗಿದಿದೆಯೆಂದಿತು. ಶಾಯಿಯ ಡಬ್ಬಿ ಇಟ್ಟ ಬೀರುವಿನ ಬೀಗದಕೈ ಊಟಕ್ಕೆ ಹೋದವನ ಜೇಬಿನಲ್ಲಿತ್ತು. ಮಾವ ಏಳು ಸಲ ಫೋನ್ ಮಾಡಿದ. ಮಗಳು ಏಳು ಸಲವೂ ಎತ್ತಲಿಲ್ಲ. ಮೂರೂ ಇಪ್ಪತ್ತಕ್ಕೆ ಯಂತ್ರ ಗೊರಗೊರ ಸದ್ದು ಮಾಡಿ ಅಮ್ಮನನ್ನು ಬಿಸಿಬಿಸಿಯಾಗಿ ಹೊರಗೆ ಹಾಕಿತು.

"ಎಷ್ಟು ಭಾಗ ಬೇಕು ಅಂತ ಗುರುತು ಮಾಡಿಕೊಡಿ, ಚೌಕಟ್ಟಿನ ಅಳತೆಗೆ ಕತ್ತರಿಸೋಣ." ಅವನು ಡ್ರಾಯರಿನಿಂದ ಅಡಿಪಟ್ಟಿಯನ್ನೂ ಕೆಂಪು ಪೆನ್ಸಿಲನ್ನೂ ತೆಗೆದು ರೂಢಿಯಂತೆ ಛಾಯಾಗ್ರಾಹಕನ ಮುಂದೆ ಹಿಡಿದ. ಮುದುಕ ಅದನ್ನು ಮಗಳ ಕಡೆ ದಾಟಿಸಿದ.

ಅವಳು ಅಮ್ಮನ ಸುತ್ತ ಅಡಿಪಟ್ಟಿ ಇಟ್ಟಳು. ಎಷ್ಟು ಒತ್ತಿದರೂ ಗೆರೆ ನೇರ ಬರಲಿಲ್ಲ.

* * *

ವ್ಯಾನಿನ ಚಾಲಕ ಎರಡನೆಯ ಸಲ ಹಾರ್ನ್ ಮಾಡುತ್ತಿದ್ದಾಗ ಕಾರು ಗೇಟಿನ ಮುಂದೆ ನಿಂತಿತು. ನಾಲ್ಕೂ ಐದು. ಮಾವನ ಮುಖ ಕೆಂಡವಾಗಿತ್ತು.

"ಐದು ನಿಮಿಷ ತಡ! ಇವನು ಹೊರಟೇ ಬಿಡ್ತೀನಿ ಅಂತಿದ್ದ, ಕಾಲು ಹಿಡಿಯೋದೊಂದು ಬಾಕಿ. ಏನು ಸಿಕ್ತು ಅಷ್ಟೊಂದು ಓಡಾಡಿ?"

ಮಗಳು ಒಳಗೆ ಹೋಗಿ, ಖಾಲಿ ಚೌಕಟ್ಟಿಗೆ ಕಾಗದ ಸೇರಿಸಿ, ರಟ್ಟು ಮುಚ್ಚಿ, ತಲೆದೆಸೆಯ ಸ್ಟೂಲಿನ ಮೇಲೆ ಇಟ್ಟಳು. ಹಿಂದೆಯೇ ಬಂದ ಮಾವ ಬೈಯಲು ಬಾಯಿ ತೆರೆದವನು ಹಾಗೇ ನಿಂತ. "ಈ ನಗು..." ಎಂದ. "ಚಿಕ್ಕಂದಿನಲ್ಲಿ ನಾನು ಏಣಿಯಿಂದ ಬಿದ್ದಾಗ ಹೀಗೇ ನಕ್ಕಿದ್ಲು ಕಣೇ. ನನಗೆ ಕೈ ಮುರಿದಿತ್ತು. ಇವಳು ನಗ್ತಾ ನಿಂತಿದ್ಲು." ಹೇಳಿ, ಸ್ಟೇಷನ್ ಮಾಸ್ತರ ಗಡಿಯಾರ ನೋಡುವುದನ್ನು ಮರೆತು ಗೋಡೆಗೆ ಮುಖ ಮಾಡಿದ.

ಬೆಳಿಗ್ಗೆ ರೂಪದರ್ಶಿಗೆ ಕೈ ಮುಗಿದಿದ್ದ ದೂರದ ನೆಂಟರ ಹೆಂಗಸು ಈ ಸಲ ಮೋಸಹೋಗಲು ತಯಾರಿರಲಿಲ್ಲ. ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಚೌಕಟ್ಟಿನ ಬಲತುದಿಯಲ್ಲಿ ಸೊಟ್ಟ ಕೆಂಪು ಗೆರೆ. ಅದಕ್ಕೆ ಒತ್ತಿಕೊಂಡು, ಅರ್ಧಕ್ಕೆ ಕತ್ತರಿಸಿಹೋದ ಒಂದು ಅಗಲವಾದ ಭುಜ.

"ಪಕ್ಕದಲ್ಲಿರೋದು ಯಾರಮ್ಮ?"

"ಯಾರೋ" ಎಂದಳು ಮಗಳು. "ಅವತ್ತು ಅಮ್ಮನ ಆಫೀಸಿಗೆ ಬಂದಿದ್ರಂತೆ."

ನಾಲ್ಕು ಜನ ದೇಹ ಎತ್ತಿದರು. ಮಗಳು ಚೌಕಟ್ಟನ್ನು ಮುಂದಕ್ಕೆ ಹಿಡಿದು ಅವರ ಮುಂದೆ ಮೆಟ್ಟಿಲಿಳಿದಳು. ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಗಾಜಿನೊಳಗೆ ಅಮ್ಮ ನಗುತ್ತಿದ್ದಳು. ಎರಡೂ ಕೈ ಹಲಗೆಯನ್ನು ಹಿಡಿದಿದ್ದವು, ಮುಖಕ್ಕೆ ಅಡ್ಡ ತರಲು ಅವಳಿಗೆ ಒಂದು ಕೈಯೂ ಬಿಡುವಿರಲಿಲ್ಲ.